ಪೆಟ್ಟಿಗೆ ಕೂರಿಸಿದವನು ಹೋದ, ಕೀಲಿ ಎಲ್ಲಿ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆ ಅಂಗಡಿಗಳ ಬೋರ್ಡು ಓದುತ್ತ ನಡೆದರೆ ಕಾಲ ಬದಲಾದದ್ದು ಗೊತ್ತಾಗುತ್ತದೆ. ಒಂದು ಕಾಲಕ್ಕೆ ಬೋರ್ಡಿನ ಮೂಲೆಯಲ್ಲಿ ಫೋನ್ ನಂಬರು ಇದ್ದರೆ ಅದೇ ದೊಡ್ಡಸ್ತಿಕೆ. ಆಮೇಲೆ ಮೊಬೈಲು ಬಂತು, ಜಿಎಸ್‌ಟಿ ನಂಬರು ಬಂತು. ಈಗ ಅದರ ಕೆಳಗೆ ಇನ್ನೊಂದು ಸಾಲು. ಕೆಲವರದ್ದು ಜಿಮೇಲ್ ವಿಳಾಸ. ಕೆಲವರದ್ದು ಸ್ವಂತದ್ದು. ಅಂಗಡಿಯ ಹೆಸರೇ ವಿಳಾಸ, ಮುಂದೆ ‘ಇನ್ಫೋ’ ಅಂತಲೋ ‘ಸೇಲ್ಸ್’ ಅಂತಲೋ, ಕೊನೆಗೆ ‘ಡಾಟ್ ಇನ್’.

ತಪ್ಪೇನಿಲ್ಲ. ಸೂರತ್ತಿನ ಬಟ್ಟೆ ವ್ಯಾಪಾರಿಗೋ ಕೊಯಮತ್ತೂರಿನ ಪಂಪ್‌ಸೆಟ್ ಕಂಪನಿಗೋ ಕಾಗದ ಬರೆದರೆ ಸ್ವಂತ ಹೆಸರಿನ ವಿಳಾಸಕ್ಕೆ ಒಂದು ತೂಕ ಇದೆ. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋದ ಹಾಗೆ. ಆದರೆ ಸ್ವಂತ ಮನೆ ಅಂದ ಮೇಲೆ ಬೀಗದ ಮಾತೂ ಬರಬೇಕಲ್ಲ? ಅಲ್ಲಿಗೆ ಬಂದರೆ ಎಲ್ಲರೂ ಗಪ್‌ಚಿಪ್.

ಒಂದು ಲೆಕ್ಕ ನೋಡಿ. ಶಾಡೋಸರ್ವರ್ ಎಂಬ ಸಂಸ್ಥೆಯೊಂದಿದೆ. ಜಗತ್ತಿನ ಸರ್ವರ್‌ಗಳ ಬಾಗಿಲು ಭದ್ರವಾಗಿದೆಯೇ ಇಲ್ಲವೇ ಎಂದು ತಟ್ಟಿ ನೋಡಿ, ಸಡಿಲ ಇದ್ದವರಿಗೆ ತಿಳಿಸುವುದು ಅದರ ಕೆಲಸ. 2025ರ ಜೂನ್ ತಿಂಗಳಲ್ಲಿ ಅದು ಒಂದು ಎಣಿಕೆ ಹೊರಗಿಟ್ಟಿತು. ರೌಂಡ್‌ಕ್ಯೂಬ್ ಎಂಬ ಮೇಲ್ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಸಿಕ್ಕಿದ ದೊಡ್ಡ ತೂತನ್ನು ಇನ್ನೂ ಮುಚ್ಚದೆ ಕೂತವು ಜಗತ್ತಿನಲ್ಲಿ ಸುಮಾರು 84,900. ಅಮೆರಿಕದಲ್ಲಿ 19,500. ಎರಡನೇ ಸ್ಥಾನ ಭಾರತಕ್ಕೆ, ಸುಮಾರು 15,500. ಜರ್ಮನಿ 13,600, ಫ್ರಾನ್ಸ್ 3,600, ಬ್ರಿಟನ್ 2,400. ಕ್ರಿಕೆಟ್ಟಿನ ಪಟ್ಟಿಯಾಗಿದ್ದರೆ ಪಟಾಕಿ ಹೊಡೆಯಬಹುದಿತ್ತು.

ಈ 15,500ರಲ್ಲಿ ಯಾವ ಊರಿನದು ಎಷ್ಟು ಎಂಬ ಲೆಕ್ಕ ಅದರಲ್ಲಿಲ್ಲ. ಆದರೆ ಇಂಥ ಪೆಟ್ಟಿಗೆ ಕೂರಿಸುವ ರೀತಿ ಎಲ್ಲಾ ಊರಲ್ಲೂ ಒಂದೇ. ಅದನ್ನು ತಿಳಿದುಕೊಂಡರೆ ತೂತು ಯಾಕೆ ಮುಚ್ಚಿಲ್ಲ ಅನ್ನುವುದೂ ತಿಳಿಯುತ್ತದೆ.

ಕೌಂಟರಿನ ಕಿಟಕಿ

ಅಂಚೆ ಕಚೇರಿಯಲ್ಲಿ ಮೂರು ಕೆಲಸ ನಡೆಯುತ್ತವೆ. ಟಪಾಲು ವಿಂಗಡಿಸಿ ಊರಿಂದೂರಿಗೆ ಸಾಗಿಸುವುದು ಒಂದು. ಬಂದದ್ದನ್ನು ಅವರವರ ಪೆಟ್ಟಿಗೆಗೆ ಹಾಕಿ ಕಾಯುವುದು ಎರಡು. ಜನ ಬಂದು ನಿಲ್ಲುವ ಕೌಂಟರು ಮೂರು. ಮೇಲ್ ಸರ್ವರ್‌ನ ಒಳಗೂ ಇದೇ ಮೂರು. ಸಾಗಿಸುವ ಕೆಲಸಕ್ಕೆ ಹೆಚ್ಚಿನವರು ಹಾಕುವುದು ಪೋಸ್ಟ್‌ಫಿಕ್ಸ್. ಅದನ್ನು ಬರೆದವನು ವೀಟ್ಸೆ ವೆನೆಮಾ ಎಂಬ ಡಚ್ ವಿಜ್ಞಾನಿ, ಹೊರಬಂದದ್ದು 1998ರಲ್ಲಿ. ಪೆಟ್ಟಿಗೆ ಕಾಯುವುದಕ್ಕೆ ಡವ್‌ಕಾಟ್, ಅಂದರೆ ಪಾರಿವಾಳದ ಗೂಡು. ಅದು ಫಿನ್ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಕೊಟ್ಟದ್ದು. ಕೌಂಟರಿನ ಕಿಟಕಿಯೇ ರೌಂಡ್‌ಕ್ಯೂಬ್. ಸ್ವಿಟ್ಜರ್ಲೆಂಡಿನ ಥಾಮಸ್ ಬ್ರೂಡರ್ಲಿ 2005ರಲ್ಲಿ ಶುರು ಮಾಡಿದ. 2023ರ ಕೊನೆಗೆ ಅದು ನೆಕ್ಸ್ಟ್‌ಕ್ಲೌಡ್ ಎಂಬ ಕಂಪನಿಯ ಆಸರೆಗೆ ಬಂತು. ಮೂರಕ್ಕೂ ಬಿಡಿಗಾಸಿನ ಬೆಲೆ ಇಲ್ಲ. ಯಾರು ಬೇಕಾದರೂ ಇಳಿಸಿಕೊಂಡು ಹಾಕಿಕೊಳ್ಳಬಹುದು.

ಮೇಲ್ ಓದುವುದಕ್ಕೆ ಇಂಟರ್‌ನೆಟ್ ಪುಟವೊಂದಿದ್ದರೆ ಸಾಕು ಎಂಬುದನ್ನು ಲೋಕಕ್ಕೆ ರೂಢಿ ಮಾಡಿಸಿದ್ದು ಹಾಟ್‌ಮೇಲ್. 1996ರ ಜುಲೈ 4ರಂದು ಅದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬ, ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ. ಇನ್ನೊಬ್ಬ ಜ್ಯಾಕ್ ಸ್ಮಿತ್. ಮರುವರ್ಷ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅಲ್ಲಿಂದ ಮುಂದೆ ‘ನಾವೂ ಯಾಕೆ ಇಂಥ ಕಿಟಕಿ ಇಟ್ಟುಕೊಳ್ಳಬಾರದು’ ಅಂದವರಿಗಾಗಿ ಪುಕ್ಕಟೆ ತಂತ್ರಾಂಶಗಳು ಹುಟ್ಟಿದವು. 1999ರಲ್ಲಿ ಸ್ಕ್ವಿರಲ್‌ಮೇಲ್ ಬಂತು. ಹೆಸರು ಅಳಿಲಿನದು, ಅಳಿಲು ಸೇವೆಯನ್ನೂ ಮಾಡಿತು. ಅದರ ಕೊನೆಯ ಸ್ಥಿರ ಆವೃತ್ತಿ ಬಂದದ್ದು 2011ರಲ್ಲಿ. ಆಮೇಲೆ ಜನ ಹೆಚ್ಚಾಗಿ ರೌಂಡ್‌ಕ್ಯೂಬ್ ಕಡೆ ತಿರುಗಿದರು. ನೋಡಲು ಚಂದ, ಮೊಬೈಲಿನಲ್ಲೂ ತೆರೆಯುತ್ತದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಗುಮಾಸ್ತ, ಸೀಟು ಸಿಗಲಿ ಬಿಡಲಿ, ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಅಂಗಡಿಯ ಮೇಲ್ ನೋಡಿ ಮುಗಿಸಬಹುದು. ಇಂಥ ಅನುಕೂಲ ಬೇಡ ಅನ್ನುವವರು ಯಾರು?

ಕೂರಿಸುವ ಕೆಲಸ ಹೀಗೆ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ಬಾಡಿಗೆ ಸರ್ವರ್ ಹಿಡಿಯುವುದು. ವಿಳಾಸದ ಹೆಸರು, ಅಂದರೆ ಡೊಮೇನ್, ವರ್ಷಕ್ಕಿಷ್ಟು ಅಂತ ಕೊಂಡುಕೊಳ್ಳುವುದು. ಈ ಹೆಸರಿಗೆ ಬಂದ ಟಪಾಲು ಈ ಸರ್ವರ್‌ಗೆ ಬರಲಿ ಎಂದು ಒಂದು ದಾಖಲೆ ಬರೆಸುವುದು. ಪಿಎಚ್‌ಪಿ, ಡೇಟಾಬೇಸು ಹಾಕಿ, ರೌಂಡ್‌ಕ್ಯೂಬಿನ ಗಂಟು ಬಿಚ್ಚಿದರೆ ‘ಇನ್‌ಸ್ಟಾಲರ್’ ಎಂಬ ಪುಟ ತೆರೆಯುತ್ತದೆ. ಮೂರೇ ಮೆಟ್ಟಿಲು. ಎಲ್ಲಾ ಸಾಮಾನು ಇದೆಯೇ ನೋಡುತ್ತದೆ, ಪ್ರಶ್ನೆ ಕೇಳಿ ಸೆಟ್ಟಿಂಗ್ ಬರೆಯುತ್ತದೆ, ಒಂದು ಮೇಲ್ ಕಳಿಸಿ ಪರೀಕ್ಷೆ ಮಾಡುತ್ತದೆ. ಗೊತ್ತಿದ್ದ ಹುಡುಗನಿಗೆ ಒಂದು ಮಧ್ಯಾಹ್ನದ ಕೆಲಸ.

“ಎಲ್ಲಾ ಸೆಟ್ ಆತು ಸಾವ್ಕಾರ್ರೇ, ಇನ್ನು ಎಲ್ಲಿ ಕುಂತ್ರೂ ಮೇಲ್ ನೋಡಬಹುದು.”

“ಭೇಷ್ ಆತಪ್ಪ. ರೊಕ್ಕ ಎಷ್ಟಾತು?”

ಅಲ್ಲಿಗೆ ಮಾತು ಮುಗಿಯಿತು. ಹುಡುಗ ಕೆಲವು ಸಾವಿರ ಎಣಿಸಿಕೊಂಡು ಹೋದ. ಆರು ತಿಂಗಳಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು. ಮೊಬೈಲ್ ನಂಬರೂ ಬದಲಾಯಿತು. ಅವನದೇನು ತಪ್ಪು? ಬೋರ್‌ವೆಲ್ ಕೊರೆದವನು ಮೋಟಾರು ಸುಟ್ಟಾಗಲೂ ಬಂದು ರಿಪೇರಿ ಮಾಡಬೇಕು ಅಂತ ಕರಾರು ಮಾಡಿಕೊಳ್ಳದೆ ಆಮೇಲೆ ಬೈದರೆ ಹೇಗೆ.

ಆದರೆ ಮೂರು ಮೆಟ್ಟಿಲು ಮುಗಿದ ಮೇಲೆ ಮಾಡಬೇಕಾದ ಕೆಲಸಗಳೇ ಮುಖ್ಯ. ಮಾಡದಿದ್ದರೆ ಯಾರಿಗೂ ಕಾಣದ ಕೆಲಸಗಳೂ ಅವೇ. ಆ ಇನ್‌ಸ್ಟಾಲರ್ ಪುಟವನ್ನು ಕೆಲಸ ಮುಗಿದ ಕೂಡಲೇ ಅಳಿಸಬೇಕು ಎಂದು ರೌಂಡ್‌ಕ್ಯೂಬಿನವರೇ ಕೈಪಿಡಿಯಲ್ಲಿ ಬರೆದಿದ್ದಾರೆ. ಬಿಟ್ಟರೆ ಸರ್ವರ್‌ನ ಪಾಸ್‌ವರ್ಡು, ಗುಟ್ಟಿನ ಕೀಲಿ ಹೊರಗಿನವರಿಗೆ ಕಾಣಬಹುದು. ಗಾರೆ ಕೆಲಸ ಮುಗಿದ ಮೇಲೂ ಏಣಿಯನ್ನು ಗೋಡೆಗೆ ಒರಗಿಸಿ ಬಿಟ್ಟು ಹೋದಂತೆ. ಇನ್ನೊಂದು, 24 ಅಕ್ಷರದ ಗುಟ್ಟಿನ ಕೀಲಿ. ಮೇಲ್ ಪೆಟ್ಟಿಗೆಯ ಪಾಸ್‌ವರ್ಡನ್ನು ರೌಂಡ್‌ಕ್ಯೂಬ್ ಅದರಿಂದಲೇ ಮರೆಮಾಡಿ ಇಡುತ್ತದೆ. ತಂತ್ರಾಂಶದ ಜತೆ ಒಂದು ಮಾದರಿ ಕೀಲಿಯೂ ಬರುತ್ತದೆ. ಅವಸರದಲ್ಲಿ ಕೈಯಾರೆ ಸೆಟ್ಟಿಂಗ್ ನಕಲು ಮಾಡುವವರು ಅದನ್ನೇ ಬಿಟ್ಟರೆ ಕಥೆ ಮುಗಿಯಿತು. ಅದು ಲೋಕಕ್ಕೆಲ್ಲ ಗೊತ್ತಿರುವ ಕೀಲಿ. ಸಂತೆಯಲ್ಲಿ ಸಿಗುವ ಪುಟ್ಟ ಬೀಗಗಳ ಹಾಗೆ, ಒಂದೇ ಕೀಲಿ ನೂರು ಬೀಗಕ್ಕೆ.

ಹತ್ತು ವರ್ಷದ ತೂತು

ಇಷ್ಟೆಲ್ಲ ಸರಿಯಾಗಿ ಮಾಡಿದರೂ ತಂತ್ರಾಂಶದೊಳಗೇ ದೋಷ ಇರಬಹುದು. 2025ರ ಜೂನ್ 1ರಂದು ರೌಂಡ್‌ಕ್ಯೂಬಿನವರು 1.6.11 ಮತ್ತು 1.5.10 ಎಂಬ ಎರಡು ತೇಪೆ ಆವೃತ್ತಿ ಬಿಡುಗಡೆ ಮಾಡಿದರು. ಅವರು ಮುಚ್ಚಿದ ತೂತು ಹತ್ತು ವರ್ಷದಿಂದ ಅಲ್ಲೇ ಇತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಪಾಯದ ತೂಕಕ್ಕೆ ಹತ್ತಕ್ಕೆ 9.9 ಅಂಕ. ಒಳಗಿನ ಒಂದೇ ಒಂದು ಪೆಟ್ಟಿಗೆಯ ಪಾಸ್‌ವರ್ಡು ಗೊತ್ತಿದ್ದರೆ ಸಾಕು, ಅದರ ಮೂಲಕ ಸರ್ವರ್‌ನಲ್ಲಿ ತನಗೆ ಬೇಕಾದ ಆಜ್ಞೆ ಓಡಿಸಬಹುದಿತ್ತು. ಲಾಡ್ಜಿನ ಒಂದು ರೂಮಿನ ಕೀಲಿ ಸಿಕ್ಕವನು ಮ್ಯಾನೇಜರನ ಕುರ್ಚಿಯಲ್ಲೇ ಕೂತಂತೆ.

‘ಪಾಸ್‌ವರ್ಡು ಬೇಕಲ್ಲ, ಅದೆಲ್ಲಿ ಸಿಗಬೇಕು’ ಅನ್ನುವವರು ತಮ್ಮ ಅಂಗಡಿಯ ಪಾಸ್‌ವರ್ಡನ್ನು ಒಮ್ಮೆ ನೆನಪು ಮಾಡಿಕೊಳ್ಳಲಿ. ಅಂಗಡಿಯ ಹೆಸರು, ಮುಂದೆ 123. ಮಾಲೀಕರಿಗೆ, ಮಗನಿಗೆ, ಗುಮಾಸ್ತರಿಗೆ, ಆಡಿಟರ ಕಚೇರಿಯ ಹುಡುಗನಿಗೆ, ಎಲ್ಲರಿಗೂ ಅದೇ ಒಂದು. ಸಾಲದ್ದಕ್ಕೆ ಮಾಮೂಲಿ ಮೋಸದ ಮೇಲ್ ಇದ್ದೇ ಇದೆ. ‘ನಿಮ್ಮ ಮೇಲ್ ಪೆಟ್ಟಿಗೆ ತುಂಬಿದೆ, ಖಾಲಿ ಮಾಡಲು ಇಲ್ಲಿ ಒತ್ತಿ’ ಅನ್ನುತ್ತದೆ. ಒತ್ತಿದರೆ ತೆರೆಯುವುದು ಅಸಲಿಯಂತೆಯೇ ಕಾಣುವ ನಕಲಿ ಕೌಂಟರು. ಬಸ್ಸು ಗುಂಡಿಯಲ್ಲಿ ಎಗರುವಾಗ ಚಿಕ್ಕ ಪರದೆಯಲ್ಲಿ ಗುಮಾಸ್ತ ವಿಳಾಸ ಓದುತ್ತಾನೆಯೇ? ಪಾಸ್‌ವರ್ಡು ಹೊಡೆದೇ ಬಿಡುತ್ತಾನೆ.

2023ರ ಅಕ್ಟೋಬರಿನಲ್ಲಿ ಇನ್ನೂ ಸುಲಭದ ದಾರಿ ಕಂಡಿತ್ತು. ಯೂರೋಪಿನ ಸರಕಾರಿ ಕಚೇರಿಗಳ ಮೇಲೆ ‘ವಿಂಟರ್ ವೈವರ್ನ್’ ಎಂದು ಹೆಸರಾದ ತಂಡವೊಂದು ರೌಂಡ್‌ಕ್ಯೂಬಿನ ಬೇರೊಂದು ತೂತು ಬಳಸಿ ದಾಳಿ ಮಾಡಿದ್ದನ್ನು ಇಸೆಟ್ ಕಂಪನಿ ಬಯಲಿಗೆ ತಂದಿತು. ಅಲ್ಲಿ ಯಾವ ಲಿಂಕೂ ಒತ್ತಬೇಕಿರಲಿಲ್ಲ. ಬಂದ ಮೇಲನ್ನು ತೆರೆದು ನೋಡಿದರೆ ಸಾಕು, ಪೆಟ್ಟಿಗೆಯಲ್ಲಿದ್ದ ಕಾಗದಗಳು ಕಳ್ಳನ ಕೈಗೆ.

ಈ ಎಲ್ಲಾ ತೂತುಗಳಿಗೂ ತೇಪೆ ಬಂದಿದೆ, ಪುಕ್ಕಟೆಯಾಗಿಯೇ ಬಂದಿದೆ. ರೌಂಡ್‌ಕ್ಯೂಬಿನವರನ್ನು ದೂರುವ ಹಾಗಿಲ್ಲ, ಅವರ ಕೆಲಸ ಅವರು ಮಾಡಿದ್ದಾರೆ. ತೇಪೆಯನ್ನು ಇಳಿಸಿಕೊಂಡು ಹಾಕುವವರು ಈ ಕಡೆ ಇಲ್ಲ, ಅಷ್ಟೇ. ಇದರಲ್ಲೊಂದು ವಿಪರೀತವೂ ಇದೆ. ತೇಪೆ ಹೊರಬಿದ್ದ ದಿನವೇ ತೂತು ಎಲ್ಲಿತ್ತು ಎಂಬುದೂ ಹೊರಬೀಳುತ್ತದೆ. ಹಳೆಯ ಗೋಡೆಯನ್ನೂ ಹೊಸ ಗೋಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಾರೆ ಎಲ್ಲಿ ಬಳಿದಿದ್ದಾರೆ ಅಂತ ಗೊತ್ತಾಗುವುದಿಲ್ಲವೇ? ಜೂನ್ 2025ರಲ್ಲಿ ಅದೇ ಆಯಿತು. ಕೆಲವೇ ದಿನಗಳಲ್ಲಿ ಆ ತೂತಿಗೆ ತಕ್ಕ ಕನ್ನದ ಸಲಾಕೆ ಕಳ್ಳಸಂತೆಯಲ್ಲಿ ಮಾರಾಟಕ್ಕೆ ಬಂದಿತ್ತು. ತೇಪೆ ಹಾಕದೆ ಕೂತವನಿಗೆ ಅಪಾಯ ಮೊದಲಿಗಿಂತ ಹೆಚ್ಚಾದದ್ದೇ ತೇಪೆ ಬಂದ ಮೇಲೆ.

ಖಾತೆ ಬದಲಾಗಿದೆ, ದಯವಿಟ್ಟು ಗಮನಿಸಿ

‘ಪೆಟ್ಟಿಗೆ ಒಡೆದು ಏನು ಮಾಡ್ತಾನೆ ಬಿಡ್ರಿ, ಅದರಲ್ಲಿ ಇರೋದು ಬರೀ ಬಿಲ್ಲು’ ಅನ್ನುವ ಸಾಹುಕಾರರು ಬಹಳ. ಕಳ್ಳನಿಗೆ ಬೇಕಾದದ್ದು ಅದೇ ಬಿಲ್ಲು.

ಚೌಕಿಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ ಸೂರತ್ತಿನಿಂದ ಸೀರೆ ತರಿಸುತ್ತಾರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ವಹಿವಾಟು, ನಂಬಿಕೆಯ ಮೇಲೆ ಉದ್ರಿ. ಇಬ್ಬರಲ್ಲಿ ಯಾರದಾದರೂ ಒಂದು ಪೆಟ್ಟಿಗೆ ಒಡೆದವನು ಅವಸರ ಮಾಡುವುದಿಲ್ಲ. ಸುಮ್ಮನೆ ಓದುತ್ತ ಕೂರುತ್ತಾನೆ. ಯಾರು ಯಾರನ್ನು ‘ಭಾಯಿ’ ಅನ್ನುತ್ತಾರೆ, ಬಿಲ್ಲು ಯಾವ ತಾರೀಖಿಗೆ ಬರುತ್ತದೆ, ಹಣ ಎಷ್ಟು ದಿನಕ್ಕೆ ಹೋಗುತ್ತದೆ, ಎಲ್ಲಾ ನೋಡಿಕೊಳ್ಳುತ್ತಾನೆ. ಬಂದ ಮೇಲಿನ ಒಂದೊಂದು ನಕಲು ತನಗೂ ಬರುವಂತೆ ಒಳಗೊಂದು ನಿಯಮ ಬರೆದಿಡುತ್ತಾನೆ. ಆಮೇಲೆ ನೀವು ಪಾಸ್‌ವರ್ಡು ಬದಲಿಸಿದರೂ ನಕಲು ಹೋಗುತ್ತಲೇ ಇರಬಹುದು. ದಸರೆಯ ಮಾಲು ಬಂತು. ದೊಡ್ಡ ಬಿಲ್ಲು ಬಂತು. ಅದೇ ಸಾಲಿನಲ್ಲಿ, ಅದೇ ಧಾಟಿಯಲ್ಲಿ, ಅದೇ ವಿಳಾಸದಿಂದ ಮರುದಿನ ಇನ್ನೊಂದು ಮೇಲ್. ‘ಆಡಿಟ್ ನಡೆಯುತ್ತಿರುವುದರಿಂದ ಹಳೆಯ ಖಾತೆಗೆ ಹಣ ಹಾಕಬೇಡಿ. ಹೊಸ ಖಾತೆಯ ನಂಬರು ಕೆಳಗಿದೆ.’ ಎರಡು ಲಕ್ಷದ ಮೇಲಿನ ಮೊತ್ತ, ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಮಾಡಿಸಿ, ರಸೀದಿಯ ಫೋಟೋವನ್ನೂ ಮೇಲ್ ಮಾಡಿ, ಸಾಹುಕಾರರು ನಿಶ್ಚಿಂತೆಯಿಂದ ಊಟಕ್ಕೆ ಹೋಗುತ್ತಾರೆ.

ಹದಿನೈದು ದಿನಕ್ಕೆ ಸೂರತ್ತಿನಿಂದ ಫೋನು. “ಪೇಮೆಂಟ್ ಬಂದಿಲ್ಲವಲ್ಲ ಭಾಯಿ?”

ಇಲ್ಲಿ ಹಣ ಹೋದದ್ದು ಒಂದು ನಷ್ಟ. ಇಬ್ಬರ ನಡುವೆ ಹುಟ್ಟುವ ಜಗಳ ಇನ್ನೊಂದು. ‘ನಿಮ್ಮ ಮೇಲಿಂದಲೇ ಬಂತು’ ಎಂದು ಇವರು, ‘ನಾವು ಕಳಿಸಿಲ್ಲ’ ಎಂದು ಅವರು. ಇಬ್ಬರದೂ ನಿಜ. ಯಾರ ಪೆಟ್ಟಿಗೆ ಒಡೆದಿತ್ತು ಎಂದು ತೋರಿಸುವ ದಾಖಲೆ ಸರ್ವರ್‌ನಲ್ಲಿ ಇರಬೇಕು. ಆ ಸರ್ವರ್‌ನ ಪಾಸ್‌ವರ್ಡು ಬೆಂಗಳೂರಿಗೆ ಹೋದ ಹುಡುಗನ ಹತ್ತಿರ.

ಈ ದಂಧೆಯ ಗಾತ್ರ ಸಣ್ಣದಲ್ಲ. ಅಮೆರಿಕದ ಎಫ್‌ಬಿಐಗೆ 2024ರಲ್ಲಿ ಇಂಥ ವ್ಯಾಪಾರಿ ಮೇಲ್ ವಂಚನೆಯ 21,442 ದೂರು ಬಂದವು, ಕಳೆದುಹೋದದ್ದು ಸುಮಾರು 277 ಕೋಟಿ ಡಾಲರ್. ಭಾರತದಲ್ಲಿ ಎಲ್ಲಾ ಬಗೆಯ ಸೈಬರ್ ವಂಚನೆ ಸೇರಿ 2024ರಲ್ಲಿ ಹೋದ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವೇ ಸಂಸತ್ತಿಗೆ ಹೇಳಿದೆ. 2023ರಲ್ಲಿ ಅದು 7,465 ಕೋಟಿ ಇತ್ತು. ಹಣ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿದರೆ ಕಳ್ಳನ ಖಾತೆಯಲ್ಲಿ ಇನ್ನೂ ಉಳಿದದ್ದನ್ನು ತಡೆಹಿಡಿಯುವ ಏರ್ಪಾಡು ಇದೆ. ಆದರೆ ಮೇಲ್ ವಂಚನೆಯಲ್ಲಿ ಗೊತ್ತಾಗುವುದೇ ಹದಿನೈದು ದಿನಕ್ಕೆ. ಅಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿ ಕರಗಿರುತ್ತದೆ.

ಹಣದ ಮಾತು ಬಿಟ್ಟರೂ ತೆರಿಗೆಯ ಮಾತು ಬಿಡುವ ಹಾಗಿಲ್ಲ. ಜಿಎಸ್‌ಟಿ ಕಾಯ್ದೆಯ 169ನೇ ಕಲಮು ನೋಟೀಸು ಜಾರಿ ಮಾಡುವ ದಾರಿಗಳನ್ನು ಪಟ್ಟಿ ಮಾಡಿದೆ. ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸುವುದೂ ಅದರಲ್ಲೊಂದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ ರಾಜ್ಯದಲ್ಲೆಲ್ಲ ಎದ್ದ ಗದ್ದಲ ಯಾರೂ ಮರೆತಿಲ್ಲ. ಪೆಟ್ಟಿಗೆ ಸತ್ತು ಬಿದ್ದಿದೆ, ಆದ್ದರಿಂದ ನೋಟೀಸು ನೋಡಲಿಲ್ಲ ಅಂದರೆ ಯಾವ ಅಧಿಕಾರಿ ಕೇಳುತ್ತಾನೆ?

ಪೆಟ್ಟಿಗೆ ಸಾಯುವುದಕ್ಕೆ ಕಳ್ಳನೇ ಬರಬೇಕಿಲ್ಲ. ಡೊಮೇನ್ ನವೀಕರಣ ತಪ್ಪಿದರೆ ಸಾಕು. ಹುಡುಗ ತನ್ನ ಹೆಸರಲ್ಲಿ, ತನ್ನ ಕಾರ್ಡಿನಲ್ಲಿ ಕೊಂಡಿರುತ್ತಾನೆ, ನೆನಪಿನ ಮೇಲ್ ಹೋಗುವುದು ಅವನಿಗೆ. ಗಡುವು ಮುಗಿದು, ಕೊಟ್ಟ ರಿಯಾಯಿತಿ ದಿನಗಳೂ ಕಳೆದರೆ ಆ ಹೆಸರು ಮತ್ತೆ ಸಂತೆಗೆ ಬರುತ್ತದೆ. ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನು ಹೊಸ ಪೆಟ್ಟಿಗೆ ಕೂರಿಸಿದರೆ ನಿಮ್ಮ ಗಿರಾಕಿಗಳ ಮೇಲ್ ನೇರವಾಗಿ ಅವನಿಗೇ. ಕನ್ನ ಇಲ್ಲ, ಬೀಗ ಒಡೆಯುವುದಿಲ್ಲ. ಕಾಯಿದೆ ಪ್ರಕಾರವೇ ಮನೆ ಕೈಬಿಟ್ಟು ಹೋಯಿತು.

ಸರಕಾರವೇ ಏನು ಮಾಡಿತು

ಕೇಂದ್ರ ಸರಕಾರ 2015ರಲ್ಲಿ ಇಮೇಲ್ ನೀತಿ ಹೊರಡಿಸಿತು. ಸರಕಾರಿ ವ್ಯವಹಾರಕ್ಕೆ ಖಾಸಗಿ ಕಂಪನಿಗಳ ಮೇಲ್ ಬಳಸಬಾರದು, ಎನ್‌ಐಸಿಯ ಮೇಲನ್ನೇ ಬಳಸಬೇಕು ಎಂದಿತು. ಆದರೂ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಈಗಲೂ ಜಿಮೇಲ್ ವಿಳಾಸವೇ ರಾರಾಜಿಸುತ್ತಿದೆ. ಅದು ಬೇರೆ ಕಥೆ. ಗಮನಿಸಬೇಕಾದದ್ದು ಆಮೇಲಿನದು. 1976ರಿಂದ ಇರುವ, ಜಿಲ್ಲೆಜಿಲ್ಲೆಗೂ ಕಚೇರಿ ಹರಡಿಕೊಂಡಿರುವ ಎನ್‌ಐಸಿ ಕೂಡ ಈ ಪೆಟ್ಟಿಗೆ ಕಾಯುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿತು. 2023ರಲ್ಲಿ ಏಳು ವರ್ಷದ ಗುತ್ತಿಗೆ ಚೆನ್ನೈನ ಝೋಹೊ ಕಂಪನಿಗೆ ಸಿಕ್ಕಿತು. ಸುಮಾರು 12 ಲಕ್ಷ ಕೇಂದ್ರ ನೌಕರರ ಮೇಲ್ ಅಲ್ಲಿಗೆ ಸಾಗಿದ ಸುದ್ದಿ 2025ರ ಅಕ್ಟೋಬರಿನಲ್ಲಿ ಎಲ್ಲಾ ಪತ್ರಿಕೆಗಳಲ್ಲಿ ಬಂತು. ವಿಳಾಸದ ಹೆಸರು ಸರಕಾರದ್ದೇ, ಪೆಟ್ಟಿಗೆ ನೋಡಿಕೊಳ್ಳುವವರು ಕಂಪನಿಯವರು.

ಇದು ಸರಿಯೋ ತಪ್ಪೋ ಎಂಬ ಚರ್ಚೆ ದಿಲ್ಲಿಯಲ್ಲಿ ನಡೆಯಲಿ. ಮಂಡಿಪೇಟೆಯ ವ್ಯಾಪಾರಿಗೆ ಇದರಲ್ಲಿ ಒಂದು ಸೂಚನೆ ಇದೆ. ಅಷ್ಟು ಇಂಜಿನಿಯರುಗಳಿರುವ ಸರಕಾರವೇ ದಿನಾ ಕಾಯುವ ಕೆಲಸಕ್ಕೆ ಬೇರೆ ಜನ ಬೇಕು ಅಂತ ದುಡ್ಡು ಕೊಟ್ಟು ಗೊತ್ತು ಮಾಡಿದೆ. ಅಂಗಡಿಯ ಪೆಟ್ಟಿಗೆ ಮಾತ್ರ ತನ್ನಷ್ಟಕ್ಕೆ ತಾನೇ ಕಾದುಕೊಳ್ಳುತ್ತದೆಯೇ?

ಇದೇ ಸರಕಾರ 2022ರ ಏಪ್ರಿಲ್ 28ರಂದು ತನ್ನ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ ಮೂಲಕ ಇನ್ನೊಂದು ಅಪ್ಪಣೆ ಕೊಡಿಸಿತು. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್‌ನ ದಾಖಲೆಗಳನ್ನು 180 ದಿನ ಇಟ್ಟಿರಬೇಕು. ಕೇಳಲು ಚೆನ್ನಾಗಿದೆ. ಸರ್ವರ್ ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಅದರ ದಾಖಲೆಯನ್ನು ಎಲ್ಲಿಂದ ತರಬೇಕು? ಅಪ್ಪಣೆ ಹೊರಡಿಸಿದವರು ಒಮ್ಮೆ ಜಿಲ್ಲಾ ಕೇಂದ್ರಗಳಿಗೆ ಬಂದು ವರ್ತಕರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದ್ದರೆ ಅಪ್ಪಣೆಗೆ ಬೆಲೆ ಬರುತ್ತಿತ್ತು.

ಹಾಗಾದರೆ ಸ್ವಂತ ಪೆಟ್ಟಿಗೆಯೇ ಬೇಡವೇ? ಹಾಗೆ ಹೇಳಿಬಿಡುವುದು ಸುಲಭ. ದೊಡ್ಡ ಕಂಪನಿಗಳು ತಲೆಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ವಸೂಲಿ ಮಾಡುತ್ತವೆ. ಇಪ್ಪತ್ತು ಜನರಿರುವ ಸಹಕಾರ ಸಂಘಕ್ಕೋ ಶಾಲೆಗೋ ಅದು ವರ್ಷಕ್ಕೆ ಲೆಕ್ಕ ಹಾಕಿದರೆ ಭಾರವೇ. ಸ್ವಂತ ಸರ್ವರ್‌ನಲ್ಲಿ ಪೆಟ್ಟಿಗೆ ಇಪ್ಪತ್ತಾದರೂ ಒಂದೇ, ಐವತ್ತಾದರೂ ಒಂದೇ. ನಾಳೆ ಕಂಪನಿಯವರು ದರ ಏರಿಸಿದರೆ, ಖಾತೆ ಮುಚ್ಚಿದರೆ ಅಂಗಲಾಚುವ ಗತಿಯೂ ಇಲ್ಲ. ಆ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಒಂದು ಕಿರಿಕಿರಿ ಮಾತ್ರ ತಪ್ಪಿದ್ದಲ್ಲ. ಸ್ವಂತ ಸರ್ವರ್‌ನಿಂದ ಹೋದ ಮೇಲನ್ನು ದೊಡ್ಡವರು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ಹೆಸರಿನಿಂದ ಮೇಲ್ ಕಳಿಸುವ ಹಕ್ಕು ಈ ಸರ್ವರ್‌ಗೆ ಇದೆ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ಮುದ್ರೆಗಳು ಬೇಕು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇನ್ನೂ ಬಿಗಿ ಮಾಡಿವೆ. ಮುದ್ರೆ ಇಲ್ಲದ ಕೊಟೇಶನ್ನು ಗಿರಾಕಿಯ ಸ್ಪ್ಯಾಮ್ ತಿಪ್ಪೆಗೆ ಬೀಳುತ್ತದೆ, ಸಾಹುಕಾರರು ‘ಉತ್ತರವೇ ಬರಲಿಲ್ಲ’ ಅಂತ ಕಾಯುತ್ತಾರೆ.

ಎಲ್ಲರದೂ ಒಂದೇ ಸ್ಥಿತಿಯೂ ಅಲ್ಲ. ಹೋಸ್ಟಿಂಗ್ ಕಂಪನಿಯಿಂದ ಪ್ಯಾಕೇಜು ತೆಗೆದುಕೊಂಡು, ಸಿಪ್ಯಾನೆಲ್ ಒಳಗೆ ಬರುವ ರೌಂಡ್‌ಕ್ಯೂಬ್ ಬಳಸುವವರಿಗೆ ತೇಪೆ ಹಾಕುವ ಹೊಣೆ ಆ ಕಂಪನಿಯದು. ಕಂಪನಿ ನೆಟ್ಟಗಿದ್ದರೆ ಅರ್ಧ ಚಿಂತೆ ಕಳೆಯಿತು. ತಿಂಗಳ ಬಾಡಿಗೆ ಕೊಟ್ಟು ಜಿಮೇಲಿನದೋ ಝೋಹೊದ್ದೋ ಪೆಟ್ಟಿಗೆ ಇಟ್ಟವರಿಗೆ ತಮ್ಮ ಪಾಸ್‌ವರ್ಡು ಕಾಪಾಡಿಕೊಂಡರೆ ಬಹುಮಟ್ಟಿಗೆ ಸಾಕು. ಕೆಟ್ಟದ್ದು ಮೂರನೆಯ ಜಾತಿ. ಸ್ವಂತ ಸರ್ವರ್, ಪುಕ್ಕಟೆ ತಂತ್ರಾಂಶ, ಕೂರಿಸಿದ ದಿನವೇ ಮರೆತದ್ದು.

ಪೇಟೆ ಬೀದಿಗಳಲ್ಲಿ ರಾತ್ರಿ ಸೀಟಿ ಊದುತ್ತ ತಿರುಗುವ ಗೂರ್ಖಾನನ್ನು ಯಾವ ಒಂದು ಅಂಗಡಿಯೂ ಒಬ್ಬಂಟಿಯಾಗಿ ಸಾಕುವುದಿಲ್ಲ. ತಿಂಗಳಿಗೊಮ್ಮೆ ಬರುತ್ತಾನೆ, ಗಲ್ಲಾದಿಂದ ಒಂದಿಷ್ಟು ಕೊಡುತ್ತಾರೆ, ಇಡೀ ಬೀದಿಗೆ ಒಬ್ಬ ಕಾವಲುಗಾರ. ಮೇಲ್ ಪೆಟ್ಟಿಗೆಗೂ ಅದೇ ಏರ್ಪಾಡು ಆಗದೆ ಏನು? ವರ್ತಕರ ಸಂಘ ಮನಸ್ಸು ಮಾಡಿದರೆ ನಲವತ್ತು ಅಂಗಡಿಗೆ ಸೇರಿಸಿ ಒಬ್ಬ ತಿಳಿದವನನ್ನು ಗೊತ್ತು ಮಾಡಬಹುದು. ವಾರಕ್ಕೊಮ್ಮೆ ತೇಪೆ ಬಂದಿದೆಯೇ ನೋಡುವುದು, ದಿನಾ ಒಂದು ನಕಲು ಬೇರೆ ಜಾಗಕ್ಕೆ ತೆಗೆದಿಡುವುದು, ಡೊಮೇನಿನ ಗಡುವು ನೆನಪಿಡುವುದು, ಅನುಮಾನದ ಮೇಲ್ ಬಂದರೆ ಗುಮಾಸ್ತರು ತಕ್ಷಣ ಕೇಳಲು ಒಂದು ನಂಬರು ಇರುವುದು. ಊರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷ ಹೊರಬರುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ನಿಲ್ಲಲು ಇದೂ ಒಂದು ದಾರಿ. ಕೂರಿಸುವುದಕ್ಕೆ ಒಂದು ಸಲ ಹಣ, ಕಾಯುವುದಕ್ಕೆ ಸೊನ್ನೆ ಎಂಬ ಈಗಿನ ಲೆಕ್ಕ ತಿರುಗಬೇಕು. ಕೂರಿಸುವುದು ಪುಕ್ಕಟೆಯಾದರೂ ಅಡ್ಡಿಯಿಲ್ಲ.

ಸಂಘದ ಸಭೆ ಯಾವಾಗ ಸೇರುತ್ತದೋ, ಕೋರಂ ಯಾವಾಗ ಆಗುತ್ತದೋ. ಅಲ್ಲಿವರೆಗೆ ಅಂಗಡಿಯವರು ತಾವೇ ಮಾಡಬಹುದಾದ ಎರಡು ಮೂರು ಕೆಲಸ ಇವೆ. ಖಾತೆ ನಂಬರು ಬದಲಾಗಿದೆ ಎಂದು ಮೇಲ್ ಬಂದರೆ ಹಣ ಕಳಿಸುವ ಮುಂಚೆ ಹಳೆಯ ನಂಬರಿಗೆ ಫೋನ್ ಮಾಡಿ ದನಿ ಕೇಳಬೇಕು. ಮೇಲಿನಲ್ಲಿ ಬರೆದ ನಂಬರಿಗಲ್ಲ, ಅಂಗಡಿಯ ಪುಸ್ತಕದಲ್ಲಿ ಮೊದಲಿಂದ ಇರುವ ನಂಬರಿಗೆ. ಡೊಮೇನ್ ಯಾರ ಹೆಸರಲ್ಲಿದೆ, ಸರ್ವರ್ ಬಾಡಿಗೆ ಯಾರ ಕಾರ್ಡಿನಿಂದ ಹೋಗುತ್ತಿದೆ ಎಂದು ಬೆಂಗಳೂರಿಗೆ ಹೋದ ಹುಡುಗನನ್ನು ಹುಡುಕಿ, ಬೈಯದೆ, ಕೇಳಿ ಬರೆದಿಟ್ಟುಕೊಳ್ಳಬೇಕು. ಇನ್ನು ರೌಂಡ್‌ಕ್ಯೂಬ್ ತೆರೆದಾಗ ಪಕ್ಕದ ಪಟ್ಟಿಯಲ್ಲಿ ‘ಅಬೌಟ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ. 1.6 ಎಂದು ಶುರುವಾಗಿ ಕೊನೆಯ ಅಂಕಿ 11ಕ್ಕಿಂತ ಕಡಿಮೆ ಇದ್ದರೆ, ಅಥವಾ 1.5 ಎಂದು ಶುರುವಾಗಿ ಕೊನೆಯದು 10ಕ್ಕಿಂತ ಕಡಿಮೆ ಇದ್ದರೆ, ಅಥವಾ 1.4, 1.3 ಅಂತ ಇನ್ನೂ ಹಳೆಯದಿದ್ದರೆ, ಆ ಹತ್ತು ವರ್ಷದ ತೂತು ನಿಮ್ಮಲ್ಲಿ ಇನ್ನೂ ತೆರೆದೇ ಇರುವ ಸಾಧ್ಯತೆ ಹೆಚ್ಚು. ಆ ಅಂಕಿ ದಾಟಿದ್ದರೂ ನೆಮ್ಮದಿಯಿಂದ ಮಲಗುವ ಹಾಗಿಲ್ಲ, ಅದರ ನಂತರವೂ ಬೇರೆ ತೇಪೆಗಳು ಬಂದಿವೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ತಿಳಿದವರೊಬ್ಬರಿಗೆ ತೋರಿಸಿ, ಸೋಮವಾರದೊಳಗೆ ಸರಿ ಮಾಡಿಸಿಕೊಳ್ಳಿ.